ಅಪ್‌ಗ್ರೇಡ್ ಆದಮೇಲೆ ಸ್ಕ್ರೀನ್ ಕೆಟ್ಟಿತೇ? ಮಾನಿಟರ್ ಬದಲಿಸುವ ಮೊದಲು ಇಷ್ಟು ನೋಡಿ

ರಾತ್ರಿ ಕಂಪ್ಯೂಟರ್‌ನ ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್‌ಗೆ ಹಾಕಿ ಮಲಗಿರುತ್ತೀರಿ. ಬೆಳಿಗ್ಗೆ ಎದ್ದು ನೋಡಿದರೆ ಐಕಾನ್‌ಗಳು ಅಂಗೈಯಗಲ ಆಗಿರುತ್ತವೆ. ಅಕ್ಷರಗಳು ಕನ್ನಡಕ ಮರೆತವರಿಗೆ ಕಾಣುವ ಹಾಗೆ ಮಬ್ಬು ಮಬ್ಬು. "ಮಾನಿಟರ್ ಹೋಯ್ತು" ಅನ್ನುವುದೇ ಮೊದಲ ಯೋಚನೆ. ಸಾಮಾನ್ಯವಾಗಿ ಹೋಗಿರುವುದಿಲ್ಲ.

ಪರದೆ ಮೇಲೆ ಎಷ್ಟು ರೆಸಲ್ಯೂಷನ್ (ಅಡ್ಡ, ಉದ್ದ ಎಷ್ಟೆಷ್ಟು ಚುಕ್ಕಿ) ಬರಬೇಕು ಅನ್ನುವುದು ಮೂವರ ನಡುವಿನ ಮಾತುಕತೆ. ಮಾನಿಟರ್ ತನ್ನ ಅಳತೆ ಹೇಳುತ್ತದೆ. ಕೇಬಲ್ ಆ ಮಾತನ್ನು ಮುಟ್ಟಿಸುತ್ತದೆ. ಗ್ರಾಫಿಕ್ಸ್ ಡ್ರೈವರ್, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್, ಅದನ್ನು ಕೇಳಿಸಿಕೊಂಡು, ಅದೇ ಅಳತೆಗೆ ಚಿತ್ರ ಕಳಿಸುತ್ತದೆ. ಮಾನಿಟರ್ ಕೊಡುವ ಈ ಪರಿಚಯ ಚೀಟಿಗೆ ಇಡಿಐಡಿ ಅಂತ ಹೆಸರು. ಅದರ ಮೂಲ ಭಾಗ ಬರೀ 128 ಬೈಟ್. ಮೂವರಲ್ಲಿ ಒಬ್ಬ ಬಾಯಿ ಮುಚ್ಚಿದರೂ ಕಂಪ್ಯೂಟರ್ "ಗೊತ್ತಿಲ್ಲದ ಸ್ಕ್ರೀನ್‌ಗೆ ಇಷ್ಟು ಸಾಕು" ಅಂತ 1024×768 ಥರದ ಒಂದು ಹಳೇ ಅಳತೆ ಹಿಡಿದು ಕೂರುತ್ತದೆ.

ಅಪ್‌ಗ್ರೇಡ್ ಬದಲಿಸುವುದು ಮೂರನೆಯವನನ್ನು, ಅಂದರೆ ಡ್ರೈವರನ್ನು. ಅನುಮಾನ ಅದರ ಮೇಲೆ ಹೋಗುವುದು ಸರಿಯೇ. ಆದರೂ ಅದಕ್ಕೆ ಕೈ ಹಾಕುವ ಮೊದಲು ಖರ್ಚಿಲ್ಲದ ಕೆಲವು ಪರೀಕ್ಷೆಗಳಿವೆ.

ಮೊದಲ ಹತ್ತು ನಿಮಿಷ

ಒಂದು ಸಲ ರಿಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡುವುದಲ್ಲ, ರಿಸ್ಟಾರ್ಟ್. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅನ್ನುವುದು ಅರ್ಧ ನಿದ್ದೆ ಅಷ್ಟೇ. ಹಳೇ ಡ್ರೈವರ್ ಸ್ಥಿತಿ ಹಾಗೇ ಉಳಿಯಬಹುದು. ರಿಸ್ಟಾರ್ಟ್‌ನಲ್ಲಿ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಆಮೇಲೆ ಇಂಟರ್ನೆಟ್‌ಗೆ ಜೋಡಿಸಿ ಸ್ವಲ್ಪ ಹೊತ್ತು ಬಿಡಿ. ಅಪ್‌ಗ್ರೇಡ್ ಮುಗಿಯಿತು ಅಂದಮೇಲೂ ಹಿಂದಿನಿಂದ ಡ್ರೈವರ್‌ಗಳು ಇಳಿಯುತ್ತಿರುತ್ತವೆ. ಪರದೆ ಒಂದೆರಡು ಸಲ ಕಪ್ಪಾಗಿ, ಮಿನುಗಿ, ತಾನೇ ಸರಿಹೋಗುವುದೂ ಉಂಟು. ಆ ಹೊತ್ತಿನಲ್ಲಿ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿಯಬೇಡಿ.

ಕಾಯುವಾಗ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ. ಒಂದು, ನಿಮ್ಮ ಮಾನಿಟರ್‌ನ ನಿಜವಾದ ಅಳತೆ, ಅಂದರೆ ನೇಟಿವ್ ರೆಸಲ್ಯೂಷನ್. ಇದು ಮಾನಿಟರ್‌ನ ಪೆಟ್ಟಿಗೆ ಮೇಲೋ ಮ್ಯಾನುಯಲ್‌ನಲ್ಲೋ ಇರುತ್ತದೆ. ಇಲ್ಲದಿದ್ದರೆ ಹಿಂಬದಿಯ ಸ್ಟಿಕರ್ ಮೇಲಿನ ಮಾಡೆಲ್ ಸಂಖ್ಯೆ ಹಾಕಿ ಹುಡುಕಿ. ಸಾಮಾನ್ಯವಾಗಿ 1366×768, 1600×900, 1920×1080, 2560×1440, 3840×2160 ಇವುಗಳಲ್ಲಿ ಒಂದಾಗಿರುತ್ತದೆ.

ಇನ್ನೊಂದು, ಈಗ ಮಾನಿಟರ್‌ಗೆ ನಿಜವಾಗಿ ಬರುತ್ತಿರುವ ಅಳತೆ. ಮಾನಿಟರ್‌ನ ಕೆಳಗೋ ಹಿಂದೆಯೋ ಇರುವ ಮೆನು ಬಟನ್ ಒತ್ತಿ, ಇನ್ಫರ್ಮೇಷನ್ ಅನ್ನುವ ಪುಟಕ್ಕೆ ಹೋಗಿ. "1024×768, 60 ಹರ್ಟ್ಸ್" ಅನ್ನುವ ಥರದ ಸಾಲು ಕಾಣುತ್ತದೆ. ಈ ಪುಟವನ್ನು ಜಾಸ್ತಿ ಜನ ತೆರೆದೇ ನೋಡಿರುವುದಿಲ್ಲ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇದೇ ಬಲು ಉಪಯೋಗದ್ದು. ಕಂಪ್ಯೂಟರ್ ಏನು ಕಳಿಸುತ್ತಿದ್ದೇನೆ ಅಂದುಕೊಂಡಿದೆಯೋ ಅದಲ್ಲ, ಏನು ಬಂದು ಮುಟ್ಟಿದೆಯೋ ಅದನ್ನು ಇದು ಹೇಳುತ್ತದೆ.

ಆ ಮೆನುವನ್ನು ಇನ್ನೊಂದು ಕಣ್ಣಿನಿಂದಲೂ ನೋಡಿ. ಮೆನು ಬರೆಯುವುದು ಮಾನಿಟರ್, ಕಂಪ್ಯೂಟರ್ ಅಲ್ಲ. ಹಿಂದಿನ ಚಿತ್ರ ಗೆರೆಗೆರೆಯಾಗಿದ್ದು ಮೆನು ಚೊಕ್ಕವಾಗಿದ್ದರೆ ಮಾನಿಟರ್ ಆರೋಗ್ಯವಾಗಿದೆ. ಮೆನುವಿನ ಮೇಲೂ ಗೆರೆ ಇದ್ದರೆ ಅಪ್‌ಗ್ರೇಡನ್ನು ಬೈದು ಪ್ರಯೋಜನವಿಲ್ಲ.

"ಎಲ್ಲಾ ದೊಡ್ಡದಾಗಿ ಕಾಣ್ತಿದೆ"

ದೊಡ್ಡದಾದ ಅಕ್ಷರ ಚೂಪಾಗಿದೆಯೋ, ಮಬ್ಬಾಗಿದೆಯೋ?

ಚೂಪಾಗಿದ್ದರೆ ರೆಸಲ್ಯೂಷನ್‌ಗೆ ಏನೂ ಆಗಿಲ್ಲ. ಸ್ಕೇಲ್, ಅಂದರೆ ಎಷ್ಟು ದೊಡ್ಡದಾಗಿ ತೋರಿಸಬೇಕು ಅನ್ನುವ ಶೇಕಡಾ ಲೆಕ್ಕ, ಮಾತ್ರ ಬದಲಾಗಿದೆ. ಅಪ್‌ಗ್ರೇಡ್ ಆದಾಗ 100 ಇದ್ದದ್ದು 125ಕ್ಕೋ 150ಕ್ಕೋ ಏರಿರಬಹುದು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಒಳಗೆ "ಸ್ಕೇಲ್" ಅಂತ ಇರುತ್ತದೆ, ಅದನ್ನು ಇಳಿಸಿ. ಮುಗೀತು.

ಮಬ್ಬಾಗಿದ್ದರೆ ರೆಸಲ್ಯೂಷನ್ನೇ ಇಳಿದಿದೆ. 1024×768 ಅಂದರೆ ಸುಮಾರು 8 ಲಕ್ಷ ಚುಕ್ಕಿ. 1920×1080 ಪರದೆಯಲ್ಲಿ 20 ಲಕ್ಷಕ್ಕೂ ಜಾಸ್ತಿ ಚುಕ್ಕಿ ಇದೆ. ಚಿಕ್ಕ ಬಟ್ಟೆಯನ್ನು ದೊಡ್ಡ ಮಂಚಕ್ಕೆ ಎಳೆದು ಹಾಸಿದ ಹಾಗೆ. ಅದೇ ಪುಟದ "ಡಿಸ್‌ಪ್ಲೇ ರೆಸಲ್ಯೂಷನ್" ಪಟ್ಟಿಯಲ್ಲಿ ನೇಟಿವ್ ಅಳತೆ ಹುಡುಕಿ ಆರಿಸಿ. ಪಕ್ಕದಲ್ಲಿ "ರೆಕಮೆಂಡೆಡ್" ಅಂತ ಬರೆದಿರುತ್ತದೆ. ಆದರೆ ಆ ಪದವನ್ನೇ ನಂಬಬೇಡಿ, ನೀವು ಬರೆದಿಟ್ಟ ಸಂಖ್ಯೆಯನ್ನು ನಂಬಿ. ಡ್ರೈವರ್‌ಗೆ ಮಾನಿಟರ್ ಗೊತ್ತಿಲ್ಲದಾಗ ಅದು ತಪ್ಪು ಅಳತೆಗೂ ರೆಕಮೆಂಡೆಡ್ ಅನ್ನುತ್ತದೆ.

ಎಲ್ಲ ಚೆನ್ನಾಗಿದ್ದು ಒಂದೇ ಒಂದು ಹಳೇ ಸಾಫ್ಟ್‌ವೇರ್ ಮಾತ್ರ ಮಬ್ಬಾಗಿದ್ದರೆ ಅದು ಆ ಸಾಫ್ಟ್‌ವೇರ್‌ನ ತಕರಾರು. ಅದರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಕಂಪಾಟಿಬಿಲಿಟಿ, "ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್" ಒಳಗೆ ಹೋಗಿ ಸ್ಕೇಲಿಂಗ್ ಕೆಲಸವನ್ನು ಅಪ್ಲಿಕೇಷನ್‌ಗೇ ಬಿಡಿ.

"ಚಿತ್ರ ಎಳೆದ ಹಾಗಿದೆ, ಅಥವಾ ಅಂಚು ಕಾಣೋದಿಲ್ಲ"

ಮುಖಗಳೆಲ್ಲ ಅಗಲವಾಗಿ ಕಂಡರೆ ಪೇಂಟ್ ತೆರೆದು, ಶಿಫ್ಟ್ ಒತ್ತಿ ಹಿಡಿದು ಒಂದು ವೃತ್ತ ಎಳೆಯಿರಿ. ಸ್ಕೂಲ್ ಸ್ಕೇಲ್ ತಗೊಂಡು ಅಡ್ಡ, ಉದ್ದ ಅಳೆಯಿರಿ. ಎರಡೂ ಒಂದೇ ಬರಬೇಕು. ಬಾರದಿದ್ದರೆ 4:3 ಆಕಾರದ ಚಿತ್ರವನ್ನು 16:9 ಪರದೆಗೆ ಎಳೆದು ತುಂಬಿಸಿದ್ದಾರೆ ಅಂತ ಅರ್ಥ. ಔಷಧ ಮತ್ತೆ ಅದೇ, ನೇಟಿವ್ ರೆಸಲ್ಯೂಷನ್.

ಎರಡೂ ಪಕ್ಕ ಕಪ್ಪು ಪಟ್ಟಿ ಇದ್ದರೆ ಅದೇ ಕಾಯಿಲೆಯ ಇನ್ನೊಂದು ರೂಪ. ಚಿತ್ರವನ್ನು ಎಳೆಯದೆ ನಡುವೆ ಕೂರಿಸಿದೆ ಅಷ್ಟೇ.

ಟಿವಿಯನ್ನು ಮಾನಿಟರ್ ಮಾಡಿಕೊಂಡವರಿಗೆ ಬರುವ ಕಾಟ ಬೇರೆ. ರೆಸಲ್ಯೂಷನ್ ಸರಿಯಾಗೇ ಇರುತ್ತದೆ. ಆದರೆ ಟಾಸ್ಕ್‌ಬಾರ್ ಅರ್ಧ ಕೆಳಗೆ ಮುಳುಗಿರುತ್ತದೆ. ಇದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಚಿತ್ರದ ಅಂಚನ್ನು ಸ್ವಲ್ಪ ಕತ್ತರಿಸುವುದು ಟಿವಿಗಳ ಹಳೇ ಅಭ್ಯಾಸ. ಹಿಂದಿನ ಡ್ರೈವರ್ ಅದಕ್ಕೆ ಸರಿಯಾಗಿ ಚಿತ್ರವನ್ನು ಕುಗ್ಗಿಸಿ ಕಳಿಸುತ್ತಿತ್ತೇನೋ, ಹೊಸದು ಕಳಿಸುತ್ತಿಲ್ಲ. ಟಿವಿಯ ಪಿಕ್ಚರ್ ಮೆನುವಿನಲ್ಲಿ "ಜಸ್ಟ್ ಸ್ಕ್ಯಾನ್", "ಸ್ಕ್ರೀನ್ ಫಿಟ್", "ಫುಲ್ ಪಿಕ್ಸೆಲ್" ಇಂಥ ಹೆಸರಿನ ಆಯ್ಕೆ ಇರುತ್ತದೆ. ಅದನ್ನು ಅಲ್ಲೇ ಸರಿಮಾಡಿ, ಡ್ರೈವರ್ ಸೆಟ್ಟಿಂಗ್‌ನಲ್ಲಿ ಕುಗ್ಗಿಸಲು ಹೋಗಬೇಡಿ. ಹೋದರೆ ಅಕ್ಷರ ಮತ್ತೆ ಮಬ್ಬಾಗುತ್ತದೆ.

"ಎರಡನೇ ಸ್ಕ್ರೀನ್ ಹಾಕಿದಾಗ ಮಾತ್ರ ಕೆಡುತ್ತದೆ"

ಲ್ಯಾಪ್‌ಟಾಪ್ ಒಂಟಿಯಾಗಿದ್ದಾಗ ಚೆನ್ನಾಗಿರುತ್ತದೆ. ಪ್ರೊಜೆಕ್ಟರ್ ಸಿಕ್ಕಿಸಿದ ಕೂಡಲೇ ಎರಡೂ ಕೆಳಗಿಳಿಯುತ್ತವೆ. ಇದು ದೋಷವೇ ಅಲ್ಲ. ಡ್ಯೂಪ್ಲಿಕೇಟ್ ಮೋಡ್‌ನಲ್ಲಿ ಎರಡೂ ಪರದೆಗೆ ಒಂದೇ ಚಿತ್ರ ಹೋಗಬೇಕಲ್ವಾ, ಹಾಗಾಗಿ ಇಬ್ಬರಿಗೂ ಒಪ್ಪುವ ಅಳತೆಗೆ ಇಳಿಯುತ್ತದೆ. ವಿಂಡೋಸ್ ಕೀ ಮತ್ತು ಪಿ ಒತ್ತಿ "ಎಕ್ಸ್‌ಟೆಂಡ್" ಆರಿಸಿ. ಎರಡಕ್ಕೂ ಅವರವರ ಅಳತೆ ಸಿಗುತ್ತದೆ.

"ಪಟ್ಟಿಯಲ್ಲಿ ನನ್ನ ರೆಸಲ್ಯೂಷನ್ನೇ ಇಲ್ಲ"

ಅಪ್‌ಗ್ರೇಡ್ ಆದವರಲ್ಲಿ ಜಾಸ್ತಿ ಜನ ಬಂದು ನಿಲ್ಲುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೋಡಬೇಕಾದ್ದು ಎರಡು ಕಡೆ. "ಡಿಸ್‌ಪ್ಲೇ ಅಡಾಪ್ಟರ್ಸ್" ಕೆಳಗೆ ಏನಿದೆ? "ಮಾನಿಟರ್ಸ್" ಕೆಳಗೆ ಏನಿದೆ?

ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಅಂತಿದ್ದರೆ ಕಳ್ಳ ಸಿಕ್ಕಿದ. ಇದು ನಿಮ್ಮ ಗ್ರಾಫಿಕ್ಸ್ ಚಿಪ್‌ನ ಡ್ರೈವರ್ ಅಲ್ಲ, ಬದಲಿಗೆ ಬಂದ ತಾತ್ಕಾಲಿಕ ಆಳು. ಚಿತ್ರ ತೋರಿಸುತ್ತದೆ, ಅದಕ್ಕಿಂತ ಜಾಸ್ತಿ ಏನೂ ಬರುವುದಿಲ್ಲ. ಇದು ಇದ್ದಾಗ ಲ್ಯಾಪ್‌ಟಾಪ್‌ನಲ್ಲಿ ಬ್ರೈಟ್‌ನೆಸ್ ಕೆಲಸ ಮಾಡದಿರುವುದು, ಎರಡನೇ ಮಾನಿಟರ್ ಕಾಣದಿರುವುದು, ವಿಡಿಯೋ ಹಾಕಿದರೆ ಫ್ಯಾನ್ ಜೋರಾಗಿ ತಿರುಗುವುದು, ಇವೆಲ್ಲ ಜೊತೆಜೊತೆಗೇ ಬರುತ್ತವೆ. ಹೀಗಿದ್ದರೆ ಈ ಕ್ರಮದಲ್ಲಿ ಹೋಗಿ:

1. ವಿಂಡೋಸ್ ಅಪ್‌ಡೇಟ್ ಒಳಗೆ ಅಡ್ವಾನ್ಸ್ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್ ನೋಡಿ. ಡ್ರೈವರ್ ಅಲ್ಲೇ ಕಾಯುತ್ತಿರಬಹುದು, ನೀವು ಟಿಕ್ ಹಾಕುವವರೆಗೂ ಇಳಿಯುವುದಿಲ್ಲ.

2. ಸಿಗದಿದ್ದರೆ ಲ್ಯಾಪ್‌ಟಾಪ್ ತಯಾರಕರ ಸೈಟ್‌ನಲ್ಲಿ ನಿಮ್ಮ ಮಾಡೆಲ್‌ನ ಗ್ರಾಫಿಕ್ಸ್ ಡ್ರೈವರ್ ಹುಡುಕಿ. ಡೆಸ್ಕ್‌ಟಾಪ್ ಆದರೆ ನೇರವಾಗಿ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಸೈಟ್. ಹುಡುಕಿದಾಗ ಮೇಲೆ ಬರುವ "ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ" ಥರದ ಸಾಫ್ಟ್‌ವೇರ್ ಹತ್ತಿರ ಹೋಗಬೇಡಿ. ಡ್ರೈವರ್ ಬೇಡುವವನ ಅವಸರವೇ ಅವರ ಬಂಡವಾಳ.

3. ಹೊಸ ಡ್ರೈವರ್ ಬಂದಮೇಲೇ ಕೆಟ್ಟಿದ್ದಾದರೆ ಅಡಾಪ್ಟರ್ ಮೇಲೆ ಡಬಲ್ ಕ್ಲಿಕ್ ಮಾಡಿ, ಡ್ರೈವರ್ ಟ್ಯಾಬ್‌ನಲ್ಲಿ "ರೋಲ್ ಬ್ಯಾಕ್ ಡ್ರೈವರ್" ಒತ್ತಿ. ಆ ಬಟನ್ ಮಂಕಾಗಿದ್ದರೆ ಹಿಂತಿರುಗಲು ಹಳೇ ಡ್ರೈವರ್ ಉಳಿದಿಲ್ಲ ಅಂತ ಅರ್ಥ.

4. ಅರೆಬರೆ ಕೂತ ಡ್ರೈವರನ್ನು ಅನ್‌ಇನ್‌ಸ್ಟಾಲ್ ಮಾಡಿ, ರಿಸ್ಟಾರ್ಟ್ ಮಾಡಿ, ಮತ್ತೆ ಹಾಕಿ. ಪರದೆ ಕೆಲ ಕ್ಷಣ ಕಪ್ಪಾಗುತ್ತದೆ. ಹೊಸ ಡ್ರೈವರ್ ಫೈಲನ್ನು ಮೊದಲೇ ಇಳಿಸಿಟ್ಟುಕೊಂಡಿರಿ.

ಇಷ್ಟೆಲ್ಲ ಮಾಡಿದರೂ ಹೊಸ ಸಿಸ್ಟಮ್‌ಗೆ ಡ್ರೈವರೇ ಇಲ್ಲದಿರುವುದು ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹಳೇ ಯಂತ್ರಗಳಿಗೂ ಹೇಗೋ ವಿಂಡೋಸ್ 11 ಹಾಕಿಕೊಂಡವರಿದ್ದಾರೆ. ವಿಂಡೋಸ್ 11 ಕೇಳುವುದು ಡೈರೆಕ್ಟ್‌ಎಕ್ಸ್ 12 (ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆ) ಮತ್ತು ಡಬ್ಲ್ಯೂಡಿಡಿಎಂ 2.0 (ವಿಂಡೋಸ್‌ನ ಡಿಸ್‌ಪ್ಲೇ ಡ್ರೈವರ್ ಮಾದರಿ) ಡ್ರೈವರ್ ಇರುವ ಗ್ರಾಫಿಕ್ಸ್. ಅಷ್ಟಿಲ್ಲದ ಚಿಪ್ ಆದರೆ ತಯಾರಕರು ಕೊಟ್ಟ ಕೊನೇ ವಿಂಡೋಸ್ 10 ಡ್ರೈವರ್ ಹಾಕಿ ನೋಡಬಹುದು, ಕೆಲವೊಮ್ಮೆ ಕೂರುತ್ತದೆ. ಕೂರದಿದ್ದರೆ ಹಟ ಬೇಡ.

ವಾಪಸ್ ಹೋಗುವ ದಾರಿಯೂ ಇದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಒಳಗೆ "ಗೋ ಬ್ಯಾಕ್" ಸಾಮಾನ್ಯವಾಗಿ 10 ದಿನ ಮಾತ್ರ ಇರುತ್ತದೆ. ಅಷ್ಟರಲ್ಲಿ ಜಾಗ ಉಳಿಸೋಣ ಅಂತ ಹಳೇ ವಿಂಡೋಸ್ ಫೈಲ್‌ಗಳನ್ನು ಅಳಿಸಿದರೆ ಆ ಬಟನ್ ಕೂಡ ಹೋಗುತ್ತದೆ. ಮುಖ್ಯವಾದ ಫೈಲ್‌ಗಳನ್ನು ಬೇರೆ ಕಡೆ ಇಟ್ಟುಕೊಂಡೇ ಇದನ್ನು ಒತ್ತಿ.

"ಡ್ರೈವರ್ ಸರಿಯಾಗಿದೆ, ಆದ್ರೂ ಬರ್ತಿಲ್ಲ"

ಡಿಸ್‌ಪ್ಲೇ ಅಡಾಪ್ಟರ್ ಹೆಸರು ಸರಿಯಿದ್ದು, ಕೆಳಗಿನ ಮಾನಿಟರ್ಸ್ ಪಟ್ಟಿಯಲ್ಲಿ "ಜೆನರಿಕ್ ನಾನ್ ಪಿಎನ್‌ಪಿ ಮಾನಿಟರ್" ಅಂತಿದ್ದರೆ ಪರಿಚಯ ಚೀಟಿ ಬಂದು ಮುಟ್ಟಿಲ್ಲ. ಡ್ರೈವರ್‌ದೇನೂ ತಪ್ಪಿಲ್ಲ. ಕೇಬಲ್ ನೋಡಿ.

ಇದು ನಾನೇ ಕಲಿತ ಪಾಠ. ಒಂದು ಭಾನುವಾರ ಅಪ್‌ಗ್ರೇಡ್‌ಗೆ ಹಾಕಿ, ಸುಮ್ನೆ ಕೂರೋದ್ಯಾಕೆ ಅಂತ ಟೇಬಲ್ ಹಿಂದಿನ ಧೂಳು ಹೊಡೆದೆ. ಮುಗಿದಾಗ ಸ್ಕ್ರೀನ್ 1024×768. ಡ್ರೈವರ್ ಮೂರು ಸಲ ತೆಗೆದು ಹಾಕಿದೆ. ರಾತ್ರಿ ಹತ್ತಕ್ಕೆ ಬೇಜಾರಾಗಿ ಹಳೇ ಥರದ ವಿಜಿಎ ವಿಡಿಯೋ ಕೇಬಲ್‌ನ ಪ್ಲಗ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಕೆಳಸಾಲಿನ ಒಂದು ಪಿನ್ ಪಕ್ಕಕ್ಕೆ ಮಲಗಿಕೊಂಡಿತ್ತು. ಧೂಳು ಹೊಡೆಯುವಾಗ ಪ್ಲಗ್ ತೆಗೆದು ಓರೆಯಾಗಿ ತುರುಕಿದ್ದು ನಾನೇ. ಬಣ್ಣಗಳು ಬೇರೆ ಪಿನ್‌ಗಳಲ್ಲಿ ಹೋಗುವುದರಿಂದ ಚಿತ್ರ ಚೆನ್ನಾಗೇ ಬರುತ್ತಿತ್ತು, ಪರಿಚಯ ಮಾತ್ರ ಹೋಗುತ್ತಿರಲಿಲ್ಲ.

ವಿಜಿಎಯಲ್ಲಿ ಮೂರು ಸಾಲಿನ 15 ಪಿನ್. ಪರಿಚಯ ಸಾಗಿಸುವುದು ಕೆಳಸಾಲಿನ 12 ಮತ್ತು 15ನೇ ಪಿನ್. ನಡುಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಹೆದರಬೇಡಿ. 9ನೇದು ಎಷ್ಟೋ ಕೇಬಲ್‌ಗಳಲ್ಲಿ ಮೊದಲಿಂದಲೂ ಇರುವುದಿಲ್ಲ. ಬಾಗಿದ ಪಿನ್ ನೆಟ್ಟಗೆ ಮಾಡುವುದಾದರೆ ಎರಡೂ ಕಡೆ ಪವರ್ ತೆಗೆದು, ಕೇಬಲ್ ಪೂರ್ತಿ ಬಿಚ್ಚಿ, ಒಂದೇ ಸಲ ಮೆಲ್ಲಗೆ ಎತ್ತಿ. ಮುರಿದರೆ ಹೊಸ ಕೇಬಲ್.

ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಆದರೆ ಎರಡೂ ತುದಿ ತೆಗೆದು, ಮಾನಿಟರ್‌ನ ಪವರ್ ಕೂಡ ಒಂದು ನಿಮಿಷ ಕಿತ್ತು, ಮತ್ತೆ ಹಾಕಿ. ಆಮೇಲೆ ಬೇರೆ ಕೇಬಲ್, ಬೇರೆ ಪೋರ್ಟ್ ನೋಡಿ. ನಡುವೆ ಕನ್ವರ್ಟರ್, ಸ್ಪ್ಲಿಟರ್, ಡಾಕ್, ಕೆವಿಎಂ ಸ್ವಿಚ್ ಏನೇ ಇದ್ದರೂ ತೆಗೆದು ನೇರವಾಗಿ ಜೋಡಿಸಿ. ಪರಿಚಯ ಚೀಟಿಯನ್ನು ನುಂಗುವುದರಲ್ಲಿ ಈ ಪೆಟ್ಟಿಗೆಗಳು ಪಳಗಿದವು. ಡೆಸ್ಕ್‌ಟಾಪ್‌ನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡ್‌ಗೆ ಹೋಗಿದೆಯೋ ಮದರ್‌ಬೋರ್ಡ್‌ಗೋ ಅಂತಲೂ ನೋಡಿ.

"4ಕೆ ಬಂತು, ಆದ್ರೆ ಮೌಸ್ ತಡವರಿಸ್ತಿದೆ"

ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲಿ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವುದನ್ನು ನೋಡಿ. 30 ಹರ್ಟ್ಸ್ ಅಂತಿದ್ದರೆ ಅದೇ ಕಾರಣ. ಎಚ್‌ಡಿಎಂಐ 1.4 ದಾರಿಯಲ್ಲಿ 4ಕೆ, ಅಂದರೆ 3840×2160, 30 ಹರ್ಟ್ಸ್‌ಗೆ ನಿಲ್ಲುತ್ತದೆ. 60 ಬೇಕಾದರೆ ಪೋರ್ಟ್, ಕೇಬಲ್, ಮಾನಿಟರ್ ಮೂರೂ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಮಟ್ಟದ್ದಾಗಿರಬೇಕು. ಅದೇ ಪುಟದಲ್ಲಿ "ಡೆಸ್ಕ್‌ಟಾಪ್ ಮೋಡ್" ಮತ್ತು "ಆಕ್ಟಿವ್ ಸಿಗ್ನಲ್ ಮೋಡ್" ಅಂತ ಎರಡು ಸಾಲಿರುತ್ತವೆ. ಎರಡರಲ್ಲೂ ಒಂದೇ ಸಂಖ್ಯೆ ಇರಬೇಕು. ಬೇರೆ ಬೇರೆ ಇದ್ದರೆ ನಡುವೆ ಡ್ರೈವರ್ ಚಿತ್ರವನ್ನು ಎಳೆಯುತ್ತಿದೆ.

"ಸ್ಕ್ರೀನೇ ಕಪ್ಪು, ಅಥವಾ ಔಟ್ ಆಫ್ ರೇಂಜ್"

ಮಾನಿಟರ್‌ಗೆ ತಾಳಲಾರದ ಅಳತೆಯೋ ರಿಫ್ರೆಶ್ ರೇಟೋ ಹೋಗಿದೆ. ನೀವೇ ಈಗ ಬದಲಿಸಿದ್ದಾದರೆ ಏನೂ ಮುಟ್ಟದೆ 15 ಸೆಕೆಂಡ್ ಕಾಯಿರಿ. ಒಪ್ಪಿಗೆ ಸಿಗದಿದ್ದರೆ ವಿಂಡೋಸ್ ತಾನೇ ಹಿಂದಕ್ಕೆ ಹೋಗುತ್ತದೆ. ಹೋಗದಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ, ತೆರೆದ ಕೆಲಸ ಹೋಗುವುದಿಲ್ಲ.

ಅದೂ ಆಗದಿದ್ದರೆ ಲಾಗಿನ್ ಪರದೆಯಲ್ಲಿ ಶಿಫ್ಟ್ ಹಿಡಿದು ರಿಸ್ಟಾರ್ಟ್ ಒತ್ತಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಹೋದರೆ 3 ಒತ್ತಿದಾಗ ಕಡಿಮೆ ರೆಸಲ್ಯೂಷನ್, 4 ಒತ್ತಿದಾಗ ಸೇಫ್ ಮೋಡ್. ಇಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ರಿಕವರಿ ಕೀ ಕೇಳಬಹುದು. 48 ಅಂಕಿಯ ಆ ಸಂಖ್ಯೆ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಕೈಯಲ್ಲಿಲ್ಲದಿದ್ದರೆ ಇಲ್ಲೇ ನಿಲ್ಲಿ.

ಲಿನಕ್ಸ್‌ನಲ್ಲಿ

ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಗ್ರಾಫಿಕ್ಸ್ ಎದುರು "ಎಲ್‌ಎಲ್‌ವಿಎಂಪೈಪ್" ಅಂತಿದ್ದರೆ ಚಿತ್ರ ಬರೆಯುತ್ತಿರುವುದು ಗ್ರಾಫಿಕ್ಸ್ ಚಿಪ್ ಅಲ್ಲ, ಪ್ರೊಸೆಸರ್. ಮೊದಲು ಕಂಪ್ಯೂಟರ್ ಆನ್ ಆದಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಿಂದ ಹಿಂದಿನ ಕರ್ನಲ್ (ಲಿನಕ್ಸ್‌ನ ತಿರುಳು) ಆರಿಸಿ ಬೂಟ್ ಮಾಡಿ. ಅಲ್ಲಿ ಸರಿಯಿದ್ದರೆ ಹೊಸ ಕರ್ನಲ್‌ಗೆ ಡ್ರೈವರ್ ಕೂತಿಲ್ಲ, ಮತ್ತೆ ಹಾಕಬೇಕು.

ಎನ್‌ವಿಡಿಯಾ ಇರುವವರು, ಸಹಿ ಇಲ್ಲದ ಡ್ರೈವರ್‌ಗಳನ್ನು ತಡೆಯುವ ಸೆಕ್ಯೂರ್ ಬೂಟ್ ನೆನಪಿಡಿ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ರಿಸ್ಟಾರ್ಟ್ ಆದಾಗ ನೀಲಿ ಪರದೆ ತೋರಿಸುತ್ತದೆ. ಅಲ್ಲಿ "ಎನ್‌ರೋಲ್ ಎಂಒಕೆ" ಆರಿಸಿ ಆ ಪಾಸ್‌ವರ್ಡ್ ಕೊಡಬೇಕು. ಇದೇನೋ ಎರರ್ ಅಂದುಕೊಂಡು ಮುಂದೆ ಒತ್ತಿದರೆ ಡ್ರೈವರ್ ಇದ್ದೂ ಇಲ್ಲದ ಹಾಗೆ. ಹಿಂದೆ ಯಾವಾಗಲೋ ಬೂಟ್ ಸಾಲಿಗೆ ಸೇರಿಸಿದ, ಗ್ರಾಫಿಕ್ಸ್ ಡ್ರೈವರನ್ನು ತಡೆಯುವ "ನೋಮೋಡ್‌ಸೆಟ್" ಉಳಿದಿದ್ದರೂ ಹೀಗೇ ಆಗುತ್ತದೆ, ತೆಗೆದುಬಿಡಿ.

ವರ್ಚುವಲ್ ಮಷೀನ್ ಒಳಗೆ ಅಪ್‌ಗ್ರೇಡ್ ಮಾಡಿದ್ದರೆ ಇಷ್ಟು ಹುಡುಕಾಟವೇ ಬೇಡ. ವರ್ಚುವಲ್‌ಬಾಕ್ಸ್ ಆದರೆ ಗೆಸ್ಟ್ ಅಡಿಷನ್ಸ್ ಮತ್ತೊಮ್ಮೆ ಹಾಕಿ.

ಮ್ಯಾಕ್‌ನಲ್ಲಿ

ಡ್ರೈವರ್ ಸಿಸ್ಟಮ್ ಜೊತೆಗೇ ಬರುವುದರಿಂದ ಮಾಡುವ ಕೆಲಸ ಕಡಿಮೆ. ಡಿಸ್‌ಪ್ಲೇಸ್ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್‌ಗಳನ್ನು ಪಟ್ಟಿಯಾಗಿ ತೋರಿಸುವ ಆಯ್ಕೆ ಆನ್ ಮಾಡಿ, ಉಳಿದವೆಲ್ಲ ಆಗ ಕಾಣುತ್ತವೆ. ತುಂಬ ಹಳೇ ಮ್ಯಾಕ್‌ಓಎಸ್‌ನಿಂದ ಬಂದವರಿಗೆ ಹೊರಗಿನ ಸಾಧಾರಣ ಮಾನಿಟರ್ ಮೇಲೆ ಅಕ್ಷರ ತೆಳ್ಳಗೆ, ಮಬ್ಬಾಗಿ ಕಾಣಬಹುದು. ಅದು ದೋಷವಲ್ಲ. 2018ರ ಮೊಹಾವಿಯಿಂದ ಅಕ್ಷರದ ಅಂಚು ನಯ ಮಾಡುವ ಹಳೇ ವಿಧಾನವನ್ನು ಕೈಬಿಟ್ಟಿದ್ದಾರೆ.

ಎಲ್ಲಿ ನಿಲ್ಲಿಸಬೇಕು

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್) ಪರದೆಗೆ ಹೋಗಿ ನೋಡಿ. ಅಲ್ಲಿ ಆಪರೇಟಿಂಗ್ ಸಿಸ್ಟಮ್ ಇನ್ನೂ ಬಂದಿರುವುದಿಲ್ಲ. ಅಲ್ಲೂ ಗೆರೆ, ಬಣ್ಣದ ಚುಕ್ಕಿ, ಮಿನುಗು ಇದ್ದರೆ ಕೆಟ್ಟಿರುವುದು ಹಾರ್ಡ್‌ವೇರ್. ಬಯಾಸ್ ಚೊಕ್ಕವಿದ್ದು ಸಂಶಯ ಉಳಿದರೆ ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅಲ್ಲಿ ಪೂರ್ತಿ ರೆಸಲ್ಯೂಷನ್ ಬಂದರೆ ನಿಮ್ಮ ಯಂತ್ರ, ಕೇಬಲ್, ಮಾನಿಟರ್ ಮೂರೂ ಸರಿಯಿವೆ. ತಕರಾರು ಹೊಸ ಸಿಸ್ಟಮ್‌ನದು.

ಮಾನಿಟರ್ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಪವರ್ ಬೋರ್ಡ್‌ನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಟ್ಯೂಬ್ ಬ್ಯಾಕ್‌ಲೈಟ್ ಇರುವ ಹಳೇ ಎಲ್‌ಸಿಡಿಗಳಲ್ಲಿ ಇನ್ವರ್ಟರ್‌ನ ಹೈ ವೋಲ್ಟೇಜ್ ಬೇರೆ. ಸುಟ್ಟ ವಾಸನೆ ಬಂದರೆ, ಅಥವಾ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಉಬ್ಬಿ ಮೇಲೆ ಬಂದಿದ್ದರೆ ಆಫ್ ಮಾಡಿ. ಉಬ್ಬಿದ್ದು ಬ್ಯಾಟರಿ ಇರಬಹುದು. ಅದನ್ನು ಒತ್ತುವುದೂ ಬೇಡ, ಚಾರ್ಜಿಗೆ ಹಾಕುವುದೂ ಬೇಡ. "ನಿಮ್ಮ ಕಂಪ್ಯೂಟರ್‌ನಲ್ಲಿ ದೋಷ ಕಾಣ್ತಿದೆ, ರಿಮೋಟ್ ಕೊಡಿ" ಅಂತ ತಾನಾಗಿ ಫೋನ್ ಮಾಡಿದವರಿಗೆ ರಿಮೋಟ್ ಕೊಡಬೇಡಿ.

ರಿಪೇರಿಗೆ ಒಯ್ಯುವಾಗ ಕೇಬಲ್ ಮತ್ತು ಕನ್ವರ್ಟರ್ ಕೂಡ ತಗೊಂಡು ಹೋಗಿ, ಎಷ್ಟೋ ಸಲ ದೋಷ ಮನೆಯಲ್ಲೇ ಬಿಟ್ಟು ಬಂದ ಕೇಬಲ್‌ನಲ್ಲಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಂಡ ಎರಡು ಹೆಸರು, ಮಾನಿಟರ್ ಮೆನುವಿನ ಆ ಒಂದು ಸಾಲು, ಬಯಾಸ್ ಪರದೆ ಹೇಗಿತ್ತು ಅನ್ನುವುದು, ಇಷ್ಟನ್ನು ಫೋನಿನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ. ಸ್ಕ್ರೀನ್‌ಶಾಟ್ ಬೇಡ. ಪರದೆ ಮೇಲೆ ಎಷ್ಟೇ ಗೆರೆ ಇದ್ದರೂ ಸ್ಕ್ರೀನ್‌ಶಾಟ್‌ನಲ್ಲಿ ಸಾಮಾನ್ಯವಾಗಿ ಅದು ಬೀಳುವುದೇ ಇಲ್ಲ.